ಮರಳಿನಲ್ಲಿ ಅಡಗಿದ ಊರು

ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದ ಮೂವತ್ತು ವರ್ಷಗಳಲ್ಲಿ ನಾನು 'ಒಥೆಲೋ' ನಾಟಕವನ್ನು ಹದಿನೈದು ಸಲವಾದರೂ ಪಾಠ ಹೇಳಿರಬೇಕು. ಮೊದಲನೆಯ ಅಂಕ ನಡೆಯುವುದು ವೆನಿಸ್ ನಗರದಲ್ಲಿ. ಉಳಿದ ನಾಲ್ಕು ಅಂಕಗಳು ಸೈಪ್ರಸ್ ದ್ವೀಪದ ಒಂದು ರೇವುಪಟ್ಟಣದಲ್ಲಿ. ಆ ಪಟ್ಟಣದ ಹೆಸರನ್ನು ಕವಿ ಹೇಳಲಿಲ್ಲ, ಹುಡುಗರು ಕೇಳಲಿಲ್ಲ, ನಾನೂ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಪರೀಕ್ಷೆಯ ದೃಷ್ಟಿಯಿಂದ ಅದು ಮುಖ್ಯವಲ್ಲವೆಂಬುದೇ ಕಾರಣವಿದ್ದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಬಸವಪ್ಪ ಶಾಸ್ತ್ರಿಗಳು ಇದೇ ನಾಟಕವನ್ನು 'ಶೂರಸೇನ ಚರಿತ್ರೆ'ಯಾಗಿ ಕನ್ನಡಕ್ಕೆ ತಂದಾಗ ಎಲ್ಲವನ್ನೂ ಈ ದೇಶದ್ದಾಗಿಯೇ ಮಾಡಿಬಿಟ್ಟರಾದ್ದರಿಂದ, ಕನ್ನಡದಲ್ಲಿ ಓದಿದವರಿಗೂ ಆ ಪ್ರಶ್ನೆ ಹುಟ್ಟುವಂತಿರಲಿಲ್ಲ.

ನಿವೃತ್ತನಾಗಿ ಬಹಳ ವರ್ಷಗಳಾದ ಮೇಲೆ, 2023ರ ವಸಂತದಲ್ಲಿ, ಆ ರೇವುಪಟ್ಟಣವೆಂದು ಲೋಕ ನಂಬಿರುವ ಊರನ್ನು ಕಣ್ಣಾರೆ ನೋಡುವ ಯೋಗ ನನಗೆ ಒದಗಿತು. ಅದರ ಹೆಸರು ಫಾಮಗುಸ್ತಾ. ಅದರ ವಿಷಯವಾಗಿ ಈ ಸಂಜೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿರುವ ದ್ವೀಪ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಚಿಕ್ಕದು. ಉತ್ತರಕ್ಕೆ ತುರ್ಕಿ, ಪೂರ್ವಕ್ಕೆ ಸಿರಿಯಾ. ಎರಡೂ ನೂರು ಕಿಲೋಮೀಟರಿನ ಆಸುಪಾಸಿನಲ್ಲಿವೆ. ನಕಾಶೆಯಲ್ಲಿ ನೋಡಿದರೆ, ಒಣಗಲು ಹಾಸಿದ ಚರ್ಮದಂತೆ ಹರಡಿಕೊಂಡು, ಒಂದು ಉದ್ದನೆಯ ಬಾಲವನ್ನು ಸಿರಿಯಾದ ಕಡೆಗೆ ಚಾಚಿರುವಂತೆ ಕಾಣುತ್ತದೆ. ಆ ಬಾಲದ ಬುಡದಲ್ಲಿ, ಪೂರ್ವದ ಕೊಲ್ಲಿಯ ಮೇಲೆ ಫಾಮಗುಸ್ತಾ ಇದೆ.

ನನ್ನ ಅಳಿಯ ಹಡಗು ಕಂಪೆನಿಯೊಂದರ ಕೆಲಸದ ಮೇಲೆ ದಕ್ಷಿಣ ತೀರದ ಲಾರ್ನಕಾ ಎಂಬ ಊರಿನಲ್ಲಿ ಸಂಸಾರ ಹೂಡಿದ್ದನು. ಅಲ್ಲಿಗೆ ಹೋದ ಎರಡನೆಯ ದಿನ ಬೆಳಿಗ್ಗೆ ಒಬ್ಬನೇ ತಿರುಗಾಡಲು ಹೊರಟವನು ಒಂದು ಅಗಲವಾದ ಬೀದಿಯ ಫಲಕದ ಎದುರು ನಿಂತುಬಿಟ್ಟೆ. ಅದರ ಮೇಲಿದ್ದ ಹೆಸರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರದು. ಗ್ರೀಕರ ನಾಲಿಗೆಯಲ್ಲಿ ಅದು 'ತಿಮಾಯಾ' ಆಗಿದೆ. ನಮ್ಮ ದೇಶದ ಸೇನಾ ದಂಡನಾಯಕರಾಗಿ 1961ರಲ್ಲಿ ನಿವೃತ್ತರಾದ ತಿಮ್ಮಯ್ಯನವರು 1964ರ ಜುಲೈಯಲ್ಲಿ ಸೈಪ್ರಸ್ಸಿನಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವವನ್ನು ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು ಆ ದ್ವೀಪದಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಅಲ್ಲಿಯ ಸರಕಾರ ಅವರ ಚಿತ್ರವಿದ್ದ ಅಂಚೆಚೀಟಿಯನ್ನು ಹೊರಡಿಸಿತು. ಇವೆಲ್ಲ ನನಗೆ ಓದಿ ತಿಳಿದ ಸಂಗತಿಗಳೇ. ಆದರೆ ಮಡಿಕೇರಿಯಲ್ಲಿ ಹುಟ್ಟಿದವರ ಹೆಸರನ್ನು ಅಷ್ಟು ದೂರದ ಉಪ್ಪುಗಾಳಿಯಲ್ಲಿ ನಿಂತು ಅಕ್ಷರ ಕೂಡಿಸಿ ಓದುವುದು ಬೇರೆಯೇ ಅನುಭವ. ಶಾಂತಿ ಕಾಯಲು ಅಲ್ಲಿಗೆ ಪಡೆಯೇಕೆ ಬೇಕಾಯಿತು ಎಂಬುದಕ್ಕೆ ಉತ್ತರವಾಗಿ ನಿಂತಿರುವ ಊರು ಅಲ್ಲಿಂದ ಐವತ್ತು ಕಿಲೋಮೀಟರಿನೊಳಗಿತ್ತು.

ಗ್ರೀಕರು ಫಾಮಗುಸ್ತಾವನ್ನು ಅಮ್ಮೋಖೋಸ್ತೋಸ್ ಎನ್ನುತ್ತಾರೆ. ಮರಳಿನಲ್ಲಿ ಅಡಗಿದ್ದು ಎಂದು ಅದರ ಅರ್ಥ. ತುರ್ಕರು ಮಗೂಸಾ ಎನ್ನುತ್ತಾರೆ. 1974ರ ಯುದ್ಧದ ನಂತರ ಅದಕ್ಕೆ 'ಗಾಜಿ' ಎಂಬ ಬಿರುದನ್ನೂ ಸೇರಿಸಿದರು. ಒಂದೇ ಊರಿಗೆ ಮೂರು ಹೆಸರು. ಯಾವುದನ್ನು ಬಳಸಿದರೂ ಯಾರಿಗಾದರೂ ನೋಯುತ್ತದೆಯೆಂದು ಅಳಿಯ ಮೊದಲೇ ಎಚ್ಚರಿಸಿದ್ದ. ನಾನು ಇಲ್ಲಿ ಇಂಗ್ಲಿಷಿನವರ ಹೆಸರನ್ನೇ ಬಳಸುತ್ತಿರುವುದು ನಿಷ್ಪಕ್ಷಪಾತದಿಂದಲ್ಲ, ಮೂವತ್ತು ವರ್ಷದ ರೂಢಿಯಿಂದ.

ಈ ಊರು ಮೊದಲು ಬರಿಯ ಒಂದು ಬೆಸ್ತರ ಹಳ್ಳಿಯಂತಿತ್ತು. ಅದರ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ಸಲಾಮಿಸ್ ಎಂಬ ಪ್ರಾಚೀನ ಮಹಾನಗರವಿತ್ತು. ಭೂಕಂಪಗಳಿಂದಲೂ ಅರಬರ ದಾಳಿಗಳಿಂದಲೂ ಅದು ಹಾಳಾಗಿ, ಅಲ್ಲಿಯ ಜನ ದಕ್ಷಿಣಕ್ಕೆ ಸರಿದು ಇಲ್ಲಿ ನೆಲೆಸಿದರು. ಅಂದರೆ ಈ ಊರು ಬೆಳೆಯಲು ತೊಡಗಿದ್ದೇ ಊರು ಬಿಟ್ಟು ಬಂದವರಿಂದ. ಎರಡನೆಯ ಸಲ ಅದರ ಭಾಗ್ಯ ತೆರೆದದ್ದೂ ಹಾಗೆಯೇ. 1192ರಿಂದ ದ್ವೀಪವನ್ನು ಆಳುತ್ತಿದ್ದವರು ಲುಸಿನ್ಯಾನ್ ಎಂಬ ಫ್ರೆಂಚ್ ಮನೆತನದ ದೊರೆಗಳು. 1291ರಲ್ಲಿ ಎದುರು ತೀರದ ಆಕ್ರ ನಗರ ಮುಸಲ್ಮಾನರ ವಶವಾದಾಗ, ಕ್ರೈಸ್ತ ವರ್ತಕರೂ ಧರ್ಮಯೋಧರೂ ಕೈಗೆ ಸಿಕ್ಕಿದ್ದನ್ನು ಹಡಗಿಗೆ ತುಂಬಿಕೊಂಡು ಇಲ್ಲಿ ಬಂದು ಇಳಿದರು. ಪೂರ್ವದೇಶಗಳ ಮೆಣಸು, ರೇಷ್ಮೆ, ಸುಗಂಧದ್ರವ್ಯಗಳು ಯೂರೋಪಿಗೆ ಹೋಗುವ ದಾರಿಯಲ್ಲಿ ಕ್ರೈಸ್ತರ ಕೈಯಲ್ಲಿ ಉಳಿದ ಪೂರ್ವದ ಕೊನೆಯ ಬಾಗಿಲು ಇದಾಯಿತು.

ಮುಂದಿನ ಎಂಬತ್ತು ವರ್ಷ ಆ ಊರಿಗೆ ಬಂದ ಐಶ್ವರ್ಯವನ್ನು ಕುರಿತ ಕಥೆಗಳು ಒಂದೆರಡಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಲುಡೋಲ್ಫ್ ಎಂಬ ಜರ್ಮನ್ ಯಾತ್ರಿಕ, ಒಬ್ಬ ವರ್ತಕನ ಮಗಳ ನಿಶ್ಚಿತಾರ್ಥದಲ್ಲಿ ಅವಳ ತಲೆಯ ಮೇಲಿದ್ದ ಆಭರಣಗಳು ಫ್ರಾನ್ಸಿನ ರಾಣಿಯ ಎಲ್ಲ ಒಡವೆಗಳಿಗಿಂತ ಹೆಚ್ಚು ಬೆಲೆಯವೆಂದು ಜೊತೆಯ ಫ್ರೆಂಚ್ ಸರದಾರರು ಅಂದಾಜು ಮಾಡಿದರೆಂದು ಬರೆದಿದ್ದಾನೆ. ವರ್ಷದ ದಿನಕ್ಕೊಂದರಂತೆ 365 ಚರ್ಚುಗಳಿದ್ದವೆಂಬ ಐತಿಹ್ಯ ಉಂಟು. ಇಂಥ ಲೆಕ್ಕಗಳನ್ನು ನಂಬಬಾರದೆಂದು ನಮ್ಮ ಕಡೆಯ ಹಾಳುಪಟ್ಟಣಗಳ ಕಥೆಗಳನ್ನು ಕೇಳಿದವರಿಗೆ ಗೊತ್ತೇ ಇದೆ. ಆದರೆ ಕೋಟೆಯ ಮೇಲೆ ನಿಂತು ನೋಡಿದರೆ, ಮನೆಗಳ ನಡುವೆ, ತರಕಾರಿಯ ಹಿತ್ತಿಲುಗಳ ನಡುವೆ, ಛಾವಣಿಯಿಲ್ಲದ ಚರ್ಚುಗಳ ಗೋಡೆಗಳು ಎಲ್ಲೆಂದರಲ್ಲಿ ಎದ್ದು ನಿಂತಿರುವುದನ್ನು ಕಂಡಾಗ, ಲೆಕ್ಕ ಹೇಳಿದವನು ಸುಮ್ಮನೆ ಹೇಳಲಿಲ್ಲವೆನ್ನಿಸುತ್ತದೆ.

ಸಿರಿವಂತಿಕೆ ಕೆಟ್ಟದ್ದು ಒಂದು ಕುದುರೆಯ ಲಗಾಮಿನಿಂದ. ಸೈಪ್ರಸ್ಸಿನ ದೊರೆಗಳು ತಮ್ಮ ದ್ವೀಪದ ಕಿರೀಟವನ್ನು ರಾಜಧಾನಿಯಾದ ನಿಕೋಸಿಯಾದಲ್ಲಿ ಧರಿಸಿದ ಮೇಲೆ, ಎಂದೋ ಕಳೆದುಕೊಂಡಿದ್ದ ಜೆರೂಸಲೇಮಿನ ಕಿರೀಟವನ್ನು ಫಾಮಗುಸ್ತಾದ ಸಂತ ನಿಕೋಲಸನ ಮಹಾಮಂದಿರದಲ್ಲಿ ಧರಿಸುವ ಪದ್ಧತಿಯಿತ್ತು. 1372ರಲ್ಲಿ ಎರಡನೆಯ ಪೀಟರನ ಪಟ್ಟಾಭಿಷೇಕವಾಗಿ ಅವನು ಹೊರಗೆ ಬಂದಾಗ, ಕುದುರೆಯ ಬಲಗಡೆಯ ಲಗಾಮು ಹಿಡಿಯುವ ಗೌರವ ತಮ್ಮದೆಂದು ವೆನಿಸಿನವರಿಗೂ ಜಿನೋವಾದವರಿಗೂ ಜಗಳವಾಯಿತು. ಅಂದಿನ ಔತಣದಲ್ಲಿ ಮಾತಿಗೆ ಮಾತು ಬೆಳೆದು ಕತ್ತಿಗಳು ಹೊರಗೆ ಬಂದವು. ಕೆಲವು ಜಿನೋವಾ ವರ್ತಕರನ್ನು ಕಿಟಕಿಯಿಂದ ಹೊರಗೆಸೆದರು. ಮರುವರ್ಷವೇ ಜಿನೋವಾದ ನೌಕಾಪಡೆ ಬಂದು ಊರನ್ನು ಹಿಡಿಯಿತು. ತೊಂಬತ್ತು ವರ್ಷ ಬಿಡಲಿಲ್ಲ. ವ್ಯಾಪಾರ ಬೇರೆ ರೇವುಗಳಿಗೆ ಹರಿದುಹೋಯಿತು. 1464ರಲ್ಲಿ ಲುಸಿನ್ಯಾನರು ಊರನ್ನು ಮರಳಿ ಪಡೆದರೂ ಬಹುಕಾಲ ಬಾಳಲಿಲ್ಲ. ಅವರ ಕೊನೆಯ ರಾಣಿ ಕತೆರೀನಾ ಕೊರ್ನಾರೋ 1489ರಲ್ಲಿ ದ್ವೀಪವನ್ನು ವೆನಿಸ್ ಗಣರಾಜ್ಯಕ್ಕೆ ಬಿಟ್ಟುಕೊಟ್ಟಳು.

ಇಂದು ನಾವು ನೋಡುವ ಕೋಟೆ ಆ ವೆನಿಸಿನವರು ಬಲಪಡಿಸಿದ್ದು. ಗೋಡೆ ಸುಮಾರು ಹದಿನೈದು ಮೀಟರು ಎತ್ತರ. ದಪ್ಪ ಕೆಲವೆಡೆ ಎಂಟು ಮೀಟರು. ಅದರ ಮೇಲೆ ಎತ್ತಿನ ಗಾಡಿಯನ್ನು ಹೊಡೆಯಬಹುದು. ಬಂದರಿನ ಕಡೆಯ ಬುರುಜಿನ ಬಾಗಿಲ ಮೇಲೆ ರೆಕ್ಕೆಯ ಸಿಂಹವೂ 1492ರ ಶಾಸನವೂ ಇವೆ. ಇದಕ್ಕೇ 'ಒಥೆಲೋ ಬುರುಜು' ಎಂಬ ಹೆಸರು ಬಂದಿರುವುದು, ಇಟ್ಟವರು ಇಂಗ್ಲಿಷಿನವರು. ಒಳಗೆ ಹೋಗಿ, ತಂಪಾದ ಕಲ್ಲಿನ ಕಮಾನುಗಳ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಡೆಸ್ಡಿಮೋನಾಳ ನೆನಪು ಬರಬೇಕಾಗಿತ್ತು. ಬಂದದ್ದು ನಾಟಕದ ಎರಡನೆಯ ಅಂಕದ ಆರಂಭ. ಅಲ್ಲಿ ಬಿರುಗಾಳಿಗೆ ಸಿಕ್ಕಿ ತುರ್ಕಿ ನೌಕಾಪಡೆ ಚೆಲ್ಲಾಪಿಲ್ಲಿಯಾಗಿ ಯುದ್ಧವೇ ತಪ್ಪಿಹೋಗುತ್ತದೆ. ನಾಯಕನಿಗೆ ಸಂಶಯದಲ್ಲಿ ಬೇಯಲು ಬಿಡುವು ದೊರೆಯುತ್ತದೆ. ಆ ಸಾಲುಗಳನ್ನು ನಾನು ಕಥೆಯ ಅನುಕೂಲಕ್ಕಾಗಿ ತಂದ ತಂತ್ರವೆಂದು ಹೇಳಿ ಮುಂದೆ ಸಾಗುತ್ತಿದ್ದೆ. ನಾಟಕ ಬರೆಯುವುದಕ್ಕೆ ಮೂವತ್ತು ವರ್ಷ ಹಿಂದೆಯೇ ಆ ಊರು ತುರ್ಕರ ಕೈಸೇರಿಹೋಗಿತ್ತೆಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಇತಿಹಾಸದಲ್ಲಿ ಅಂಥ ಬಿರುಗಾಳಿ ಬೀಸಲಿಲ್ಲ.

1570ರ ಸೆಪ್ಟೆಂಬರಿನಲ್ಲಿ ನಿಕೋಸಿಯಾ ಬಿದ್ದಿತು. ಲಾಲಾ ಮುಸ್ತಫಾ ಪಾಶಾನ ಸೈನ್ಯ ಫಾಮಗುಸ್ತಾವನ್ನು ಮುತ್ತಿತು. ಒಳಗಿದ್ದವರು ಸುಮಾರು ಎಂಟು ಸಾವಿರ ಯೋಧರು. ಹೊರಗಿನವರು ಅದರ ಎಷ್ಟೋ ಪಾಲು. ಮಾರ್ಕಾಂತೋನಿಯೊ ಬ್ರಗಾದಿನ್ ಎಂಬ ವೆನಿಸಿನ ಅಧಿಕಾರಿ ಹತ್ತು ತಿಂಗಳಿಗೂ ಮೀರಿ ಕೋಟೆಯನ್ನು ಕಾದನು. ಮದ್ದು ತೀರಿ, ದವಸ ತೀರಿ, 1571ರ ಆಗಸ್ಟ್ ಒಂದರಂದು ಮಾನದ ಶರತ್ತುಗಳ ಮೇಲೆ ಕೋಟೆ ಶರಣಾಯಿತು. ನಾಲ್ಕು ದಿನದ ಮೇಲೆ, ಕೈದಿಗಳನ್ನು ಕೊಂದನೆಂಬ ಆರೋಪದಿಂದ ಮಾತು ಕೆಟ್ಟು, ಬ್ರಗಾದಿನನ ಕಿವಿಮೂಗುಗಳನ್ನು ಕೊಯ್ದರು. ಆಗಸ್ಟ್ 17ರಂದು ಮಹಾಮಂದಿರದ ಎದುರಿನ ಚೌಕದಲ್ಲಿ ಅವನನ್ನು ಜೀವಂತ ಸುಲಿದರು. ಆ ಚರ್ಮವನ್ನು ಮುಂದೆ ವೆನಿಸಿಗೆ ಕದ್ದು ತಂದರು. ಅದು ಇಂದಿಗೂ ಅಲ್ಲಿಯ ಒಂದು ದೇವಾಲಯದ ಗೋಡೆಯೊಳಗೆ ಭದ್ರವಾಗಿದೆ.

ಆ ಚೌಕದಲ್ಲಿ ಈಗ ಕಾಫಿಯ ಅಂಗಡಿಗಳಿವೆ. ಮಹಾಮಂದಿರ ಲಾಲಾ ಮುಸ್ತಫಾ ಪಾಶಾನ ಹೆಸರಿನ ಮಸೀದಿಯಾಗಿದೆ. ಫ್ರಾನ್ಸಿನ ಚರ್ಚುಗಳ ಮಾದರಿಯ ಭವ್ಯ ಮುಖ. ಗೋಪುರಗಳ ತಲೆ ಹಾರಿಹೋಗಿ, ಒಂದರ ಮೇಲೆ ಚಿಕ್ಕ ಮಿನಾರು ಎದ್ದಿದೆ. ಒಳಗೆ ಗೋಡೆಗಳಿಗೆಲ್ಲ ಸುಣ್ಣ ಬಳಿದು, ಸ್ವಚ್ಛವಾಗಿ, ಬೆಳಕಾಗಿ ಇರಿಸಿಕೊಂಡಿದ್ದಾರೆ. ಚರ್ಚಿನ ಮೈ ಪೂರ್ವಕ್ಕೆ. ಮೆಕ್ಕಾ ಇರುವುದು ದಕ್ಷಿಣದ ಕಡೆಗೆ. ಆದ್ದರಿಂದ ಕಂಬಗಳೆಲ್ಲ ಒಂದು ದಿಕ್ಕಿಗೆ ನಡೆದರೆ ನೆಲದ ಜಮಖಾನೆಗಳು ಅವಕ್ಕೆ ಅಡ್ಡವಾಗಿ ಇನ್ನೊಂದು ದಿಕ್ಕಿಗೆ ತಿರುಗಿವೆ. ಮಸೀದಿಯ ಮುಂದೆ ದೊಡ್ಡ ಮರವೊಂದಿದೆ. ಚರ್ಚಿಗೆ ಅಸ್ತಿವಾರ ಹಾಕಿದ ಕಾಲದಲ್ಲಿ, 1299ರ ಸುಮಾರಿಗೆ, ಅದನ್ನು ನೆಟ್ಟರೆಂದೂ ದ್ವೀಪದಲ್ಲಿ ಬದುಕಿರುವ ಮರಗಳಲ್ಲೆಲ್ಲ ಅದೇ ಹಿರಿಯದೆಂದೂ ಹೇಳುತ್ತಾರೆ. ಹತ್ತಿರ ಹೋಗಿ ನೋಡಿದೆ. ಹಣ್ಣುಗಳು ಕೊಂಬೆಯ ಮೈಗೇ ಗೊಂಚಲುಗೊಂಚಲಾಗಿ ಅಂಟಿಕೊಂಡಿದ್ದವು. ನಮ್ಮ ಅತ್ತಿಯ ಮರದ ಹತ್ತಿರದ ಬಂಧು. ಅದರ ನೆರಳಿನ ಅಂಗಡಿಯಲ್ಲಿ ಒಂದು ಬಟ್ಟಲು ಕಾಫಿ ಕುಡಿದೆ. ಗಸಿ ಸಹಿತ ಕೊಡುವ ಈ ಕಾಫಿಗೆ ಇಲ್ಲಿ ತುರ್ಕಿ ಕಾಫಿಯೆಂದು ಹೆಸರು. ಅದೇ ಕಾಫಿಯನ್ನು ಹಿಂದಿನ ಸಂಜೆ ಲಾರ್ನಕಾದಲ್ಲಿ ಸೈಪ್ರಸ್ ಕಾಫಿಯೆಂದು ಕೊಟ್ಟಿದ್ದರು.

1571ರ ನಂತರ ತುರ್ಕರು ಮಾಡಿದ ಒಂದು ಕಟ್ಟಳೆ ಈ ಊರಿನ ಮುಂದಿನ ನಾಲ್ಕುನೂರು ವರ್ಷಗಳನ್ನು ನಿರ್ಣಯಿಸಿತು. ಕ್ರೈಸ್ತರು ಕೋಟೆಯೊಳಗೆ ವಾಸಿಸುವಂತಿರಲಿಲ್ಲ. ಹೊರಬಿದ್ದ ಗ್ರೀಕರು ದಕ್ಷಿಣದ ಮರಳುಭೂಮಿಯಲ್ಲಿ ಮನೆ ಕಟ್ಟಿಕೊಂಡರು. ಆ ಕೇರಿಗೆ ವರೋಶಾ ಎಂದು ಹೆಸರಾಯಿತು. ತುರ್ಕಿಯಲ್ಲಿ ಕೋಟೆಯಾಚೆಯ ಹೊರಕೇರಿಗೆ ಹೇಳುವ ಮಾತೇ ಅದು. ಮರಳಿನಡಿಯಲ್ಲಿ ಸಿಹಿನೀರಿತ್ತು. ಗಾಳಿಯಂತ್ರಗಳಿಂದ ನೀರೆತ್ತಿ ಅವರು ಕಿತ್ತಳೆಯ ತೋಟಗಳನ್ನು ಬೆಳೆಸಿದರು. ಕಾಲಕ್ರಮದಲ್ಲಿ ಹೊರಗಿನವರು ಕೊಬ್ಬಿದರು, ಒಳಗಿನವರು ಸೊರಗಿದರು. ಸೂಯೆಜ್ ಕಾಲುವೆಯ ಬಾಯಲ್ಲಿ ಪೋರ್ಟ್ ಸಯೀದ್ ಪಟ್ಟಣವನ್ನು ಕಟ್ಟುವಾಗ ಇಲ್ಲಿಯ ಅರಮನೆಗಳ ಕಲ್ಲುಗಳನ್ನು ಹಡಗಿನಲ್ಲಿ ಹೇರಿಕೊಂಡು ಹೋದರೆಂದು ಹೇಳುವುದುಂಟು. ಒಂದು ಕಾಲದ ಮಹಾನಗರ ದೇಶಾಂತರಶಿಕ್ಷೆಗೆ ತಕ್ಕ ಜಾಗವಾಯಿತು. 1873ರಲ್ಲಿ ಇಸ್ತಾಂಬುಲಿನ ರಂಗಭೂಮಿಯಲ್ಲಿ ದೇಶಭಕ್ತಿಯ ನಾಟಕವೊಂದನ್ನಾಡಿಸಿ ಸುಲ್ತಾನನ ಕೋಪಕ್ಕೆ ಗುರಿಯಾದ ನಾಮಿಕ್ ಕೆಮಾಲ್ ಎಂಬ ಕವಿಯನ್ನು ತಂದು ಇಟ್ಟದ್ದು ಇಲ್ಲಿಯೇ. ಮಸೀದಿಯ ಎದುರಿಗೆ, ವೆನಿಸಿನವರ ಅರಮನೆಯ ಹಾಳುಗೋಡೆಗಳ ಮಗ್ಗುಲಲ್ಲಿ, ಅವನು 1876ರವರೆಗೆ ಸೆರೆಯಿದ್ದ ಕೋಣೆಯನ್ನು ತೋರಿಸುತ್ತಾರೆ. ಚೌಕಕ್ಕೆ ಈಗ ಅವನ ಹೆಸರೇ ಇದೆ. ಸುಲಿಸಿಕೊಂಡ ಸೇನಾನಿಗೆ ಅಲ್ಲಿ ಒಂದು ಕಲ್ಲೂ ಇಲ್ಲ. ಗೆದ್ದವನಿಗೆ ಮಸೀದಿ, ಸೆರೆಯಾದ ಕವಿಗೆ ಚೌಕ. ಸಾಹಿತಿಗಳಿಗೆ ಇದರಿಂದ ಸ್ವಲ್ಪ ಸಮಾಧಾನವಾಗಬಹುದು.

1878ರಲ್ಲಿ ದ್ವೀಪ ಇಂಗ್ಲಿಷರ ಆಡಳಿತಕ್ಕೆ ಬಂದಿತು. ಅವರು ಬಂದರನ್ನು ಹೂಳೆತ್ತಿ ಸರಿಪಡಿಸಿದರು. 1905ರಲ್ಲಿ ನಿಕೋಸಿಯಾದವರೆಗೆ ರೈಲು ಹಾಕಿದರು. 1951ರ ಕೊನೆಯಲ್ಲಿ ಅದನ್ನು ಮುಚ್ಚಿಯೂ ಬಿಟ್ಟರು. ಎರಡನೆಯ ಮಹಾಯುದ್ಧದ ನಂತರ, ಹಿಟ್ಲರನ ಯಾತನಾಶಿಬಿರಗಳಿಂದ ಬದುಕಿ ಉಳಿದು ಪ್ಯಾಲೆಸ್ಟೈನಿಗೆ ಹೊರಟಿದ್ದ ಯಹೂದ್ಯರನ್ನು ನಡುಗಡಲಿನಲ್ಲಿ ತಡೆದು, ಈ ಊರಿನ ಪಕ್ಕದಲ್ಲಿಯೂ ದ್ವೀಪದ ಬೇರೆಡೆಯಲ್ಲಿಯೂ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದವರೂ ಅವರೇ. 1946ರಿಂದ 1949ರವರೆಗೆ ಸುಮಾರು 52,000 ಜನ ಹಾಗೆ ಸೈಪ್ರಸ್ಸಿನಲ್ಲಿ ಕಾದರು. ಸುಮಾರು ಎರಡು ಸಾವಿರ ಮಕ್ಕಳು ಆ ತಂತಿಯೊಳಗೇ ಹುಟ್ಟಿದವು.

1960ರಲ್ಲಿ ಸ್ವಾತಂತ್ರ್ಯ ಬಂತು. ಗ್ರೀಕ್ ಮಾತನಾಡುವವರು ಐದರಲ್ಲಿ ನಾಲ್ಕು ಪಾಲು, ತುರ್ಕಿ ಮಾತನಾಡುವವರು ಒಂದು ಪಾಲಿಗೂ ಕಡಮೆ. ಅಧಿಕಾರವನ್ನು ಅವರಿಬ್ಬರಿಗೆ ಹಂಚಿದ ಸಂವಿಧಾನ ಮೂರು ವರ್ಷವೂ ನೆಟ್ಟಗೆ ನಡೆಯಲಿಲ್ಲ. 1963ರ ಡಿಸೆಂಬರಿನಲ್ಲಿ ಕೊಲೆಗಳು ಆರಂಭವಾದವು. ಹಳ್ಳಿಹಳ್ಳಿಗಳಿಂದ ತುರ್ಕರು ಎದ್ದು ತಮ್ಮವರಿರುವ ಕೇರಿಗಳಿಗೆ ಸೇರಿಕೊಂಡರು. ಫಾಮಗುಸ್ತಾದಲ್ಲಿ ಅಂಥ ಆಶ್ರಯ ಹಳೆಯ ಕೋಟೆಯೇ. ಇದನ್ನೇ ತಣ್ಣಗಾಗಿಸಲು 1964ರ ಮಾರ್ಚಿಯಲ್ಲಿ ವಿಶ್ವಸಂಸ್ಥೆಯ ಪಡೆ ಬಂದದ್ದು. ಮೊದಲನೆಯ ದಂಡನಾಯಕರು ಭಾರತದವರೇ ಆದ ಜನರಲ್ ಗ್ಯಾನಿ. ಅವರ ನಂತರ ತಿಮ್ಮಯ್ಯನವರು. ಮೂರು ತಿಂಗಳ ಮಟ್ಟಿಗೆಂದು ಬಂದ ಆ ಪಡೆ ಅರವತ್ತು ವರ್ಷ ಕಳೆದರೂ ಅಲ್ಲಿಯೇ ಇದೆ.

ವಿಚಿತ್ರವೆಂದರೆ ವರೋಶಾ ಅತ್ಯಂತ ಹೊಳಪಿನಿಂದ ಮೆರೆದದ್ದು ಆ ಮುಂದಿನ ಹತ್ತು ವರ್ಷಗಳಲ್ಲಿಯೇ. ಬಂಗಾರದ ಬಣ್ಣದ ಅದರ ಮರಳಿನ ದಂಡೆಯ ಉದ್ದಕ್ಕೂ ಹತ್ತು ಹನ್ನೆರಡು ಅಂತಸ್ತಿನ ಹೋಟೆಲುಗಳೆದ್ದವು. ಯೂರೋಪಿನ ಪ್ರವಾಸಿಗಳೂ ಸಿನಿಮಾ ತಾರೆಯರೂ ಬಂದರು. ದ್ವೀಪದ ಸರಕಿನ ಬಹುಪಾಲು ಇಲ್ಲಿಯ ಬಂದರಿನಿಂದಲೇ ಸಾಗುತ್ತಿತ್ತು. ಹೊರಕೇರಿಯೇ ಊರಾಗಿ, ಕೋಟೆಯೊಳಗಿನ ಊರು ಅದರ ಹಿತ್ತಿಲಿನ ಬಡ ನೆಂಟನಂತೆ ಕುಳಿತಿತ್ತು.

1974ರ ಜುಲೈ 15ರಂದು ಗ್ರೀಸ್ ದೇಶದ ಸೈನಿಕ ಸರಕಾರದ ಪ್ರೇರಣೆಯಿಂದ ಅಧ್ಯಕ್ಷ ಮಕಾರಿಯೋಸರನ್ನು ಉರುಳಿಸುವ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನದಲ್ಲಿ ತುರ್ಕಿಯ ಸೈನ್ಯ ಉತ್ತರ ತೀರದಲ್ಲಿ ಇಳಿಯಿತು. ಫಾಮಗುಸ್ತಾದ ತುರ್ಕರು ಸಾವಿರಗಟ್ಟಲೆಯಾಗಿ ಕೋಟೆಯೊಳಗೆ ನುಗ್ಗಿ ಬಾಗಿಲಿಕ್ಕಿಕೊಂಡರು. ಗ್ರೀಕರ ರಾಷ್ಟ್ರೀಯ ರಕ್ಷಣಾ ದಳ ಹೊರಗಿನಿಂದ ಮುತ್ತಿತು. ಬ್ರಗಾದಿನನ ಕಾಲದ ಸುರಂಗಗಳಲ್ಲಿ ಹೆಂಗಸರೂ ಮಕ್ಕಳೂ ಸುಮಾರು ನಾಲ್ಕು ವಾರ ನೀರಿಗೂ ರೊಟ್ಟಿಗೂ ಲೆಕ್ಕ ಹಾಕಿಕೊಂಡು ಬದುಕಿದರು. ಆಗಸ್ಟ್ 14ರಂದು ತುರ್ಕಿ ಸೈನ್ಯ ಎರಡನೆಯ ಬಾರಿ ಮುಂದೊತ್ತಿತು. ವಿಮಾನಗಳು ವರೋಶಾದ ಮೇಲೆ ಬಾಂಬು ಹಾಕಿದವು. ಅದೇ ದಿನ ಊರಿನ ಸಮೀಪದ ಮೂರು ಹಳ್ಳಿಗಳಲ್ಲಿ ಗ್ರೀಕ್ ಬಂದೂಕುಧಾರಿಗಳು 126 ತುರ್ಕಿ ಹಳ್ಳಿಗರನ್ನು, ಬಹುಪಾಲು ಹೆಂಗಸರು ಮಕ್ಕಳನ್ನೇ, ಕೊಂದರು. ವರೋಶಾದ ಸುಮಾರು ನಲವತ್ತು ಸಾವಿರ ಜನ ಎರಡೇ ದಿನದಲ್ಲಿ ದಕ್ಷಿಣಕ್ಕೆ ಓಡಿದರು. ನಾಳೆ ನಾಳಿದ್ದು ಹಿಂದಿರುಗಬಹುದೆಂದು ಹೆಚ್ಚಿನವರು ಮನೆಗೆ ಬೀಗ ಹಾಕಿ ಹೋದರು. ಆ ಹೋಟೆಲುಗಳ ಸಾಲಿನ ಸುತ್ತ ಸೈನ್ಯ ತಂತಿಬೇಲಿ ಹಾಕಿತು. ದ್ವೀಪದ ಎರಡೂ ಕಡೆಗಳಲ್ಲಿ ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕರು, 492 ತುರ್ಕರು. ಇವರಲ್ಲಿ ಸಾವಿರಕ್ಕೂ ಮಿಕ್ಕಿದವರ ಎಲುಬುಗಳನ್ನು ಎರಡೂ ಕಡೆಯ ವಿಜ್ಞಾನಿಗಳು ಕೂಡಿ ಅಗೆದು, ಗುರುತಿಸಿ, ಮನೆಯವರಿಗೆ ಒಪ್ಪಿಸಿದ್ದಾರೆ.

ಆ ಬೇಲಿ ನಲವತ್ತಾರು ವರ್ಷ ನಿಂತಿತು. ಒಳಗೆ ಸೈನಿಕರ ಹೊರತು ಯಾರಿಲ್ಲ. ಹೊತ್ತೊಯ್ಯಬಹುದಾದ ಸಾಮಾನನ್ನೆಲ್ಲ ಹೊತ್ತೊಯ್ದರು. ಹೊರಲಾರದ್ದನ್ನು ಗಿಡಬಳ್ಳಿಗಳು ತೆಗೆದುಕೊಂಡವು. ಮೂಲ ನಿವಾಸಿಗಳ ಹೊರತು ಬೇರೆ ಯಾರನ್ನೂ ಅಲ್ಲಿ ನೆಲೆಗೊಳಿಸಲಾಗದೆಂದು 1984ರಲ್ಲಿ ಭದ್ರತಾ ಮಂಡಲಿ ಗೊತ್ತುವಳಿ ಮಾಡಿತು. ಅದಕ್ಕೆ ಮುನ್ನವೇ, 1983ರಲ್ಲಿ, ಉತ್ತರದವರು ಸ್ವತಂತ್ರ ಗಣರಾಜ್ಯವನ್ನು ಸಾರಿಕೊಂಡಿದ್ದರು. ತುರ್ಕಿಯ ಹೊರತು ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. ಓಡಿಹೋದವರು ಊರಿಲ್ಲದಿದ್ದರೂ ತಮ್ಮ ಪುರಸಭೆಯನ್ನು ಬಿಡಲಿಲ್ಲ. ದಕ್ಷಿಣದಲ್ಲಿದ್ದುಕೊಂಡೇ ಫಾಮಗುಸ್ತಾದ ಮೇಯರನ್ನು ಆರಿಸುತ್ತಾರೆ. ಅವರ ಎರಡು ಫುಟ್ಬಾಲ್ ತಂಡಗಳು ಇಂದಿಗೂ ಫಾಮಗುಸ್ತಾದ ಹೆಸರಿನಲ್ಲಿಯೇ ಲಾರ್ನಕಾದ ಮೈದಾನಗಳಲ್ಲಿ ಆಡುತ್ತವೆ. 2003ರಲ್ಲಿ ಗಡಿ ದಾಟಲು ಅವಕಾಶ ಬಂತು. ಮರುವರ್ಷ ವರೋಶಾವನ್ನು ಮರಳಿಸುವ ಮಾತೂ ಸೇರಿದ್ದ ವಿಶ್ವಸಂಸ್ಥೆಯ ಯೋಜನೆಯನ್ನು ಜನರ ಮುಂದಿಟ್ಟಾಗ, ತುರ್ಕರು ಒಪ್ಪಿದರು, ಗ್ರೀಕರು ಒಪ್ಪಲಿಲ್ಲ. ಕೊನೆಗೆ 2020ರ ಅಕ್ಟೋಬರ್ 8ರಂದು, ಯಾವ ಒಪ್ಪಂದವೂ ಇಲ್ಲದೆ, ಉತ್ತರದ ಆಡಳಿತವೇ ಬೇಲಿಯ ಒಂದು ಭಾಗವನ್ನು ತೆರೆದು ಎರಡು ಬೀದಿಗಳಿಗೆ ಹೊಸ ಡಾಂಬರು ಹಾಕಿ ಜನರನ್ನು ಬಿಟ್ಟಿತು. ನೋಡಬಹುದು, ವಾಸಿಸುವಂತಿಲ್ಲ. ಆ ಭೂಮಿ ಮೂಲತಃ ವಕ್ಫಿನದೆಂಬ ವಾದವನ್ನೂ ಈಗ ಮುಂದಿಟ್ಟಿದ್ದಾರೆ.

ಕೋಟೆಯೊಳಗಿನ ಇಂದಿನ ಜೀವನದಲ್ಲಿ ಗೆಲುವಿದೆ. ಊರಿನ ಹೊರಗೆ ದೊಡ್ಡ ವಿಶ್ವವಿದ್ಯಾನಿಲಯವೊಂದಿದೆ. ತುರ್ಕಿಯಿಂದಲೂ ಆಫ್ರಿಕದ ದೇಶಗಳಿಂದಲೂ ಬಂದ ವಿದ್ಯಾರ್ಥಿಗಳು ಸಂಜೆಯ ಹೊತ್ತು ಬೀದಿಗಳಲ್ಲಿ ತುಂಬಿರುತ್ತಾರೆ. ಒಥೆಲೋ ಬುರುಜನ್ನು ಎರಡೂ ಸಮುದಾಯಗಳ ತಜ್ಞರು ಸೇರಿ ದುರಸ್ತಿ ಮಾಡಿ 2015ರಲ್ಲಿ ತೆರೆದರು. ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಕೋಟೆಯೊಳಗೆ ಸಂತ ಜಾರ್ಜನ ಹಳೆಯ ಚರ್ಚೊಂದಿದೆ; ಅವನಿಗೆ ಇಲ್ಲಿ 'ಗಡೀಪಾರು ಮಾಡುವವನು' ಎಂಬ ಬಿರುದು. ಆ ಚರ್ಚಿನ ನೆಲದ ಧೂಳನ್ನು ತಂದು ಶತ್ರುವಿನ ಮನೆಯಲ್ಲಿ ಚೆಲ್ಲಿದರೆ ವರ್ಷದೊಳಗೆ ಅವನು ಸಾಯುತ್ತಾನೆ, ಇಲ್ಲವೇ ದ್ವೀಪ ಬಿಟ್ಟು ಹೋಗುತ್ತಾನೆಂದು ಹಿಂದಿನವರ ನಂಬಿಕೆ. 2014ರ ಶುಭ ಶುಕ್ರವಾರದಂದು, ದಶಕಗಳ ನಂತರ ಮೊದಲ ಬಾರಿಗೆ, ಗ್ರೀಕರು ಗಡಿ ದಾಟಿ ಬಂದು ಪ್ರಾರ್ಥನೆ ನಡೆಸಿದ್ದು ಅದೇ ಚರ್ಚಿನಲ್ಲಿ.

ವರೋಶಾವನ್ನು ನೋಡಲು ಹೋದದ್ದು ಮಧ್ಯಾಹ್ನದ ಮೇಲೆ. ಬಾಗಿಲ ಬಳಿ ಬಾಡಿಗೆಗೆ ಸೈಕಲ್ಲು ಕೊಡುತ್ತಾರೆ. ಈ ವಯಸ್ಸಿನಲ್ಲಿ ಬೇಡವೆಂದು ನಡೆದೇ ಹೊರಟೆ. ಎರಡೂ ಕಡೆ ಅಂಗಡಿಗಳ ಹಲಗೆಗಳು. ಗ್ರೀಕ್ ಅಕ್ಷರಗಳು ಅರ್ಧ ಅಳಿಸಿವೆ. ಬಾಲ್ಕನಿಗಳ ಕಬ್ಬಿಣ ತುಕ್ಕು ಹಿಡಿದು ಜೋತುಬಿದ್ದಿದೆ. ಕಟ್ಟಡಗಳ ಹತ್ತಿರ ಹೋಗದಂತೆ ಹಗ್ಗ ಕಟ್ಟಿದ್ದಾರೆ. ಒಂದು ಅಡ್ಡರಸ್ತೆಯ ಹಗ್ಗದ ಮುಂದೆ ಎಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕೈಚೀಲ ಹಿಡಿದು ನಿಂತಿದ್ದಳು. ನಾನು ಪರದೇಶದವನೆಂದು ತಿಳಿದು ತಾನಾಗಿಯೇ ಇಂಗ್ಲಿಷಿನಲ್ಲಿ ಮಾತಿಗೆ ತೊಡಗಿದಳು. ಮೂರನೆಯ ಮನೆ ತನ್ನದು, ಮದುವೆಯಾಗಿ ಎರಡು ವರ್ಷ ಅಲ್ಲಿದ್ದೆ ಎಂದಳು. ಬೀಗ ಹಾಕಿದ್ದು ನೆನಪಿದೆ; ಆದರೆ ತೋಟಕ್ಕೆ ನೀರು ಬಿಟ್ಟಿದ್ದ ಪಂಪನ್ನು ನಿಲ್ಲಿಸಿದೆನೋ ಇಲ್ಲವೋ ಎಂಬುದು ಇಷ್ಟು ವರ್ಷವಾದರೂ ನೆನಪಾಗುವುದಿಲ್ಲವಂತೆ. ಗಂಡ ಬದುಕಿರುವವರೆಗೂ ಅದಕ್ಕಾಗಿ ಇವಳನ್ನು ಹಾಸ್ಯಮಾಡುತ್ತಿದ್ದನಂತೆ.

ನಾವು ಮಾತನಾಡುತ್ತ ಬಾಗಿಲ ಬಳಿ ಬಂದೆವು. ಆಕೆಗೆ ಕಾಲು ಸೋತಿತ್ತು. ಸೈಕಲ್ಲಿನ ಹುಡುಗ ತನ್ನ ಕುರ್ಚಿಯನ್ನು ತಂದು ಹಾಕಿ, ಎಲ್ಲಿಂದ ಬಂದಿರಿ ಅಮ್ಮ ಎಂದು ಕೇಳಿದ. ಆಕೆ ಪಾಫೋಸ್ ಎಂದಳು. ಪಾಫೋಸ್ ದಕ್ಷಿಣದಲ್ಲಿ ಗ್ರೀಕರ ಕಡೆಯಲ್ಲಿರುವ ಊರು. ಹುಡುಗ ತುಸು ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿಯ ಊರೂ ಅದೇ, ಮುತ್ತಾಲೋಸ್ ಎಂಬ ಕೇರಿ, ಯುದ್ಧದ ಮರುವರ್ಷ ಬಿಟ್ಟು ಬಂದವಳು, ಈಗ ಕಾಲಿನ ನೋವು, ಹೋಗಿ ನೋಡಲಾರಳು ಎಂದ. "ಮುತ್ತಾಲೋಸಿನಲ್ಲಿಯೇ ನನ್ನ ತಂಗಿ ಇದ್ದಾಳೆ" ಎಂದಳು ಆಕೆ. ಹುಡುಗ ದೂರವಾಣಿ ಯಂತ್ರವನ್ನು ಜೇಬಿನಿಂದ ತೆಗೆದು ಅಜ್ಜಿಯನ್ನು ಕರೆದು, ಎರಡು ಮಾತು ಹೇಳಿ, ಅದನ್ನು ಆಕೆಯ ಕೈಗೆ ಕೊಟ್ಟ.

ಪಾಫೋಸಿನ ಕಡೆಯ ಹಳೆಯ ತುರ್ಕರಲ್ಲಿ ಎಷ್ಟೋ ಜನರಿಗೆ ಗ್ರೀಕ್ ಭಾಷೆ ಮನೆಮಾತಿನಷ್ಟೇ ಸಲೀಸು. ಇಬ್ಬರೂ ಕಾಲು ಗಂಟೆ ಮಾತನಾಡಿದರು. ಮೊದಲು ಮೆಲ್ಲಗೆ, ಆಮೇಲೆ ಇಬ್ಬರೂ ಒಟ್ಟಿಗೇ. ಒಮ್ಮೆ ಆಕೆ ಗಟ್ಟಿಯಾಗಿ ನಕ್ಕಳು. ಸೈಕಲ್ಲು ಹಿಂದಿರುಗಿಸಲು ಬಂದ ಇಬ್ಬರು ವಿದ್ಯಾರ್ಥಿಗಳು ಕಾದು ನಿಂತರು. ಹುಡುಗನಿಗೆ ಗ್ರೀಕ್ ಬಾರದು. ಅವರೇನು ಮಾತನಾಡುತ್ತಿದ್ದಾರೆಂದು ನನ್ನನ್ನು ಕೇಳಿದ. ನನಗೂ ಬಾರದೆಂದೆ.

ಕೊನೆಗೆ ಆಕೆ ಯಂತ್ರವನ್ನು ಹಿಂದಕ್ಕೆ ಕೊಟ್ಟು, ಕೈಚೀಲದಿಂದ ಒಂದು ಚೀಟಿ ತೆಗೆದು ಏನನ್ನೋ ಬರೆದುಕೊಂಡಳು. ಅಜ್ಜಿಯ ಮನೆಯ ಗುರುತಂತೆ: ಮಸೀದಿಯಿಂದ ಇಳಿಯುವಾಗ ಎಡಕ್ಕೆ, ಎರಡು ಮೆಟ್ಟಿಲು, ಹಸಿರು ಬಾಗಿಲು. ಬಾಗಿಲಿಗೆ ಈಗ ಯಾವ ಬಣ್ಣವಿದೆಯೋ. ಹಿಂದೆ ಒಂದು ದಾಳಿಂಬೆಯ ಗಿಡವಿತ್ತಂತೆ. ಇದೆಯೇ ನೋಡಿ ತಿಳಿಸು ಎಂದು ಕೇಳಿಕೊಂಡಳಂತೆ. "ಭಾನುವಾರ ತಂಗಿಯ ಮನೆಗೆ ಹೋಗುತ್ತೇನೆ. ನೋಡಿ ಹೇಳುತ್ತೇನೆಂದು ಹೇಳಿದ್ದೇನೆ" ಎಂದು ಚೀಟಿಯನ್ನು ನಾಲ್ಕಾಗಿ ಮಡಿಸಿ ಚೀಲದೊಳಗಿಟ್ಟುಕೊಂಡಳು.